ಓಟು ಕೇಳಲು ಬಂದವರಿಗೆ ಒಂದು ಪ್ರಶ್ನೆ

(ಗಿರಣಿ ಕಾರ್ಮಿಕರೂ ಪೇಟೆಯ ಸಣ್ಣ ವರ್ತಕರೂ ಕೂಡಿದ್ದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಬಂದವರು ಇಲ್ಲಿದ್ದೀರಿ. ಅಂಗಡಿಯ ಬಾಗಿಲು ಅರ್ಧ ಎಳೆದು ಬಂದವರೂ ಇದ್ದೀರಿ. ಆದ್ದರಿಂದ ಪೀಠಿಕೆ ಬೆಳೆಸದೆ ವಿಷಯಕ್ಕೆ ಬರುತ್ತೇವೆ. ಇಂದು ನಾವು ಹೇಳಹೊರಟಿರುವುದು ದೂರದ ಅಮೆರಿಕಾ ದೇಶದ ಸಂಗತಿ. ಅಲ್ಲಿ ಕೆಲವು ಕಾಲೇಜು ಹುಡುಗರೂ ಹುಡುಗಿಯರೂ, ಓಟು ಕೇಳಲು ಬಂದ ದೊಡ್ಡ ದೊಡ್ಡ ಪುಢಾರಿಗಳ ಎದುರು ನಿಂತು ಒಂದೇ ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರು. ಆ ಪ್ರಶ್ನೆ ಅವರ ಫೀಸಿನದಲ್ಲ, ಅವರ ನೌಕರಿಯದೂ ಅಲ್ಲ. ಆಫ್ರಿಕಾ ಖಂಡದಲ್ಲಿಯೂ ಇತರ ಬಡ ದೇಶಗಳಲ್ಲಿಯೂ ಏಡ್ಸ್ ರೋಗದಿಂದ ಸಾಯುತ್ತಿದ್ದವರ ಔಷಧಿಗೆ ನಿಮ್ಮ ಸರಕಾರ ಎಷ್ಟು ಹಣ ಕೊಡುತ್ತದೆ ಎಂಬುದೇ ಆ ಪ್ರಶ್ನೆ.

ಇದನ್ನು ಗಿರಣಿ ಗೇಟಿನಲ್ಲಿ ದುಡಿಯುವವರಿಗೆ, ಕಿರಾಣಿ ಮಳಿಗೆ ನಡೆಸುವವರಿಗೆ ಏಕೆ ಹೇಳಬೇಕು ಎಂದು ತಾವು ಕೇಳಬಹುದು. ಎರಡು ಕಾರಣಗಳಿವೆ. ಆ ರೋಗಿಗಳು ನುಂಗಿದ ಗುಳಿಗೆಗಳಲ್ಲಿ ಬಹುಪಾಲು ನಮ್ಮ ದೇಶದ ಕಾರ್ಖಾನೆಗಳಲ್ಲಿ, ನಮ್ಮಂಥ ಕೂಲಿಕಾರರ ಕೈಯಲ್ಲಿ ತಯಾರಾದವು ಎಂಬುದು ಮೊದಲನೆಯದು. ಓಟು ಕೇಳಲು ಬಂದವನ ಬಾಯಿಂದ ಮಾತು ಪಡೆಯುವುದು ಹೇಗೆ, ಪಡೆದ ಮಾತನ್ನು ವಸೂಲು ಮಾಡುವುದು ಹೇಗೆ ಎಂಬ ವಿದ್ಯೆ ನಮಗೂ ಬೇಕಾಗಿದೆ ಎಂಬುದು ಎರಡನೆಯದು.

ರೋಗವೂ ಬೆಲೆಯೂ

1996ರ ಹೊತ್ತಿಗೆ ಏಡ್ಸ್ ರೋಗಕ್ಕೆ ಮೂರು ಔಷಧಿಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ ಬಂತು. ಅದರಿಂದ ರೋಗ ಬೇರುಸಹಿತ ಹೋಗುವುದಿಲ್ಲ. ಆದರೆ ದಿನವೂ ತಪ್ಪದೆ ಗುಳಿಗೆ ನುಂಗಿದರೆ ಹಾಸಿಗೆ ಹಿಡಿದವನು ಎದ್ದು ಕೆಲಸಕ್ಕೆ ಹೋಗುತ್ತಾನೆ. ತಾಯಿ ತನ್ನ ಮಕ್ಕಳನ್ನು ಬೆಳೆಸಿ ದೊಡ್ಡವರನ್ನಾಗಿ ಮಾಡುತ್ತಾಳೆ. ಅಮೆರಿಕಾದಲ್ಲಿ, ಯುರೋಪಿನಲ್ಲಿ ಸಾವಿನ ಲೆಕ್ಕ ಥಟ್ಟನೆ ಇಳಿಯಿತು. ಆಫ್ರಿಕಾದಲ್ಲಿ ಮಾತ್ರ ಇಳಿಯಲಿಲ್ಲ. ಕಾರಣ ಬೆಲೆ. ಒಬ್ಬ ರೋಗಿಗೆ ವರ್ಷಕ್ಕೆ 10 ಸಾವಿರದಿಂದ 15 ಸಾವಿರ ಡಾಲರು. ಔಷಧಿ ಮಾಡುವ ಖರ್ಚು ಅಷ್ಟಿತ್ತೆಂದಲ್ಲ. ಪೇಟೆಂಟು ಎಂಬ ಏಕಸ್ವಾಮ್ಯದ ಹಕ್ಕು ಕೆಲವೇ ಕಂಪನಿಗಳ ಕೈಯಲ್ಲಿತ್ತು, ಬೇರೆಯವರು ತಯಾರಿಸುವಂತಿರಲಿಲ್ಲ. ಊರಿಗೆಲ್ಲ ಒಂದೇ ಅಂಗಡಿ ಇದ್ದರೆ ಧಾರಣೆ ಹೇಗಿರುತ್ತದೆಂಬುದನ್ನು ವರ್ತಕ ಮಿತ್ರರಿಗೆ ನಾವು ಹೇಳಿಕೊಡಬೇಕಾಗಿಲ್ಲ.

1997ರಲ್ಲಿ ದಕ್ಷಿಣ ಆಫ್ರಿಕಾದ ಮಂಡೇಲಾ ಸರಕಾರ, ಅಗ್ಗದ ಔಷಧಿಯನ್ನು ಎಲ್ಲಿಂದಲಾದರೂ ತರಿಸಿಕೊಳ್ಳಲು ಅವಕಾಶ ಕೊಡುವ ಕಾನೂನು ಮಾಡಿತು. ಔಷಧಿ ಕಂಪನಿಗಳು ಒಟ್ಟಾಗಿ ಆ ಸರಕಾರದ ಮೇಲೆ ದಾವೆ ಹೂಡಿದವು. ಅಮೆರಿಕಾ ಸರಕಾರವೂ ಕಂಪನಿಗಳ ಪರ ನಿಂತು ವ್ಯಾಪಾರದ ಒತ್ತಡ ಹೇರಿತು. ಆ ಮಾತುಕತೆಯಲ್ಲಿ ಮುಂದಿದ್ದವರು ಉಪಾಧ್ಯಕ್ಷರಾಗಿದ್ದ ಆಲ್ ಗೋರ್ ಅವರು.

ಈ ಗೋರ್ ಅವರು 1999ರ ಜೂನ್ 16ರಂದು ಟೆನೆಸಿ ರಾಜ್ಯದ ತಮ್ಮ ಊರು ಕಾರ್ತೇಜಿನಲ್ಲಿ ಸಭೆ ಕರೆದು, ತಾವು ಅಧ್ಯಕ್ಷ ಪದವಿಗೆ ಉಮೇದುವಾರರೆಂದು ಸಾರಿದರು. ಆ ಸಭೆಯ ಮಧ್ಯದಲ್ಲಿ ಕೆಲವರು ಎದ್ದು ಕೂಗಿದರು. ಏಡ್ಸ್ ಪೀಡಿತರೂ ಅವರ ಗೆಳೆಯರೂ 1987ರಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿದ 'ಆಕ್ಟ್ ಅಪ್' ಎಂಬ ಸಂಘದವರು ಅವರು. ಆಫ್ರಿಕಾದವರಿಗೆ ಔಷಧಿ ಸಿಗದಂತೆ ಏಕೆ ತಡೆಯುತ್ತಿದ್ದೀರಿ ಎಂಬುದು ಅವರ ಕೂಗು. ಮರುದಿನ ಬೇರೊಂದು ಊರು, ಅದೇ ಕೂಗು. ಅಲ್ಲಿಯವರೆಗೆ ಪತ್ರಿಕೆಗಳ ಮೂಲೆಯಲ್ಲಿದ್ದ ಸುದ್ದಿ ಮುಂದಕ್ಕೆ ಬಂತು. ಮೂರೇ ತಿಂಗಳಲ್ಲಿ, ಸೆಪ್ಟೆಂಬರಿನಲ್ಲಿ, ಅಮೆರಿಕಾ ಸರಕಾರ ದಕ್ಷಿಣ ಆಫ್ರಿಕಾದೊಡನೆ ರಾಜಿಗೆ ಬಂತು. 2000ದ ಮೇ 10ರಂದು ಅಧ್ಯಕ್ಷ ಕ್ಲಿಂಟನ್, ಏಡ್ಸ್ ಔಷಧಿಯ ವಿಷಯದಲ್ಲಿ ಆಫ್ರಿಕಾದ ದೇಶಗಳ ಮೇಲೆ ಇಂಥ ಒತ್ತಡ ಹೇರುವುದಿಲ್ಲವೆಂದು ಆಜ್ಞೆ ಹೊರಡಿಸಿದರು. ವರ್ಷಗಟ್ಟಲೆ ಅರ್ಜಿ ಬರೆದಾಗ ಸರಿಯದ ಕಲ್ಲು, ಓಟು ಕೇಳುವ ಹೊತ್ತಿನಲ್ಲಿ ಒತ್ತಿದಾಗ ಸರಿಯಿತು. ಗಾಳಿ ಬಂದಾಗ ತೂರಿಕೋ ಎಂದು ನಮ್ಮ ರೈತರು ಹೇಳುವುದು ಇದನ್ನೇ.

ಬೆಲೆ ಇಳಿಯಿತು, ಹಣ ಎಲ್ಲಿ?

ಇನ್ನು ವಿದ್ಯಾರ್ಥಿಗಳ ಸಂಗತಿಗೆ ಬರೋಣ. ಸ್ಟಾವುಡಿನ್ ಎಂಬ ಏಡ್ಸ್ ಔಷಧಿಯ ಪೇಟೆಂಟು ಅಮೆರಿಕಾದ ಯೇಲ್ ವಿಶ್ವವಿದ್ಯಾನಿಲಯದ ಹೆಸರಿನಲ್ಲಿತ್ತು. ವಿಶ್ವವಿದ್ಯಾನಿಲಯ ಅದನ್ನು ಬ್ರಿಸ್ಟಲ್-ಮೈಯರ್ಸ್ ಸ್ಕ್ವಿಬ್ ಎಂಬ ಕಂಪನಿಗೆ ವಹಿಸಿ ಗೌರವಧನ ಪಡೆಯುತ್ತಿತ್ತು. 2001ರ ಆರಂಭದಲ್ಲಿ, ಗಡಿಯಿಲ್ಲದ ವೈದ್ಯರು ಎಂಬ ಅರ್ಥದ ಹೆಸರುಳ್ಳ ಪರೋಪಕಾರಿ ಸಂಸ್ಥೆಯೊಂದು, ದಕ್ಷಿಣ ಆಫ್ರಿಕಾದಲ್ಲಿ ಅಗ್ಗದ ನಮೂನೆಯನ್ನು ಬಳಸಲು ಬಿಡಿ ಎಂದು ಯೇಲನ್ನು ಕೇಳಿತು. ನಮ್ಮ ಕೈಯಲ್ಲಿಲ್ಲ ಎಂದು ಉತ್ತರ ಬಂತು. ಆಗ ಅಲ್ಲಿಯ ವಿದ್ಯಾರ್ಥಿಗಳು ಎದ್ದರು. ನಮ್ಮ ಪ್ರಯೋಗಶಾಲೆಯಲ್ಲಿ ಹುಟ್ಟಿದ ಔಷಧಿ ಬಡವನಿಗೆ ಏಕಿಲ್ಲ ಎಂದು ರುಜು ಸಂಗ್ರಹಿಸಿದರು. ಆ ಔಷಧಿಯನ್ನು ಕಂಡುಹಿಡಿದವರಲ್ಲಿ ಒಬ್ಬರಾದ ವೃದ್ಧ ವಿಜ್ಞಾನಿ ವಿಲಿಯಂ ಪ್ರುಸಾಫ್ ಅವರೂ ವಿದ್ಯಾರ್ಥಿಗಳ ಪಕ್ಷ ವಹಿಸಿದರು. ಮಾರ್ಚ್ ತಿಂಗಳಲ್ಲೇ ಕಂಪನಿ, ದಕ್ಷಿಣ ಆಫ್ರಿಕಾದಲ್ಲಿ ತನ್ನ ಹಕ್ಕು ಚಲಾಯಿಸುವುದಿಲ್ಲವೆಂದು ಸಾರಿತು. ಮುಂದಿನ ತಿಂಗಳು, ಮಂಡೇಲಾ ಸರಕಾರದ ಕಾನೂನಿನ ಮೇಲೆ ಹೂಡಿದ್ದ ದಾವೆಯನ್ನೂ ಕಂಪನಿಗಳು ಹಿಂತೆಗೆದುಕೊಂಡವು.

ಆದರೆ ಅಗ್ಗದ ಔಷಧಿ ತಯಾರಿಸುವವರು ಯಾರು? ಇಲ್ಲಿಯೇ ನಮ್ಮ ದೇಶ ಬರುತ್ತದೆ. 1970ರಲ್ಲಿ ನಮ್ಮ ಪಾರ್ಲಿಮೆಂಟು ಮಾಡಿದ ಪೇಟೆಂಟು ಕಾನೂನು, ಔಷಧಿಯ ಮೇಲೆ ಹಕ್ಕು ಕೊಡದೆ ತಯಾರಿಸುವ ವಿಧಾನದ ಮೇಲೆ ಮಾತ್ರ ಕೊಟ್ಟಿತು. ಬೇರೆ ವಿಧಾನದಿಂದ ಅದೇ ಔಷಧಿಯನ್ನು ಮಾಡಲು ನಮ್ಮ ಕಾರ್ಖಾನೆಗಳಿಗೆ ದಾರಿಯಾಯಿತು. ಆ ದಾರಿ ಹಿಡಿದು ಮುಂಬಯಿಯ ಸಿಪ್ಲಾ ಕಂಪನಿ 2001ರ ಫೆಬ್ರವರಿಯಲ್ಲಿ, ಮೂರು ಔಷಧಿಗಳ ವರ್ಷದ ಚಿಕಿತ್ಸೆಯನ್ನು ಆ ವೈದ್ಯರ ಸಂಸ್ಥೆಗೆ 350 ಡಾಲರಿಗೆ, ಅಂದರೆ ಆಗಿನ ದರದಲ್ಲಿ ಸುಮಾರು 16 ಸಾವಿರ ರೂಪಾಯಿಗೆ ಕೊಡುತ್ತೇವೆಂದಿತು. ದಿನಕ್ಕೆ ಒಂದು ಡಾಲರಿಗೂ ಕಡಿಮೆ! 10 ಸಾವಿರ ಎಲ್ಲಿ, 350 ಎಲ್ಲಿ? ಲೋಕವೆಲ್ಲ ಕಣ್ಣು ಬಿಟ್ಟು ನೋಡಿತು.

ಬಡವನ ಪಾಲಿಗೆ 350 ಡಾಲರೂ ಪರ್ವತವೇ ಸರಿ. ದಿನಕ್ಕೆ ಒಂದು ಡಾಲರನ್ನೂ ಗಳಿಸದ ಮನೆಯವರು ದಿನಕ್ಕೆ ಒಂದು ಡಾಲರಿನ ಗುಳಿಗೆಯನ್ನು ಎಲ್ಲಿಂದ ತರಬೇಕು? ಆಸ್ಪತ್ರೆ ಬೇಕು, ದಾದಿಯರು ಬೇಕು, ರಕ್ತಪರೀಕ್ಷೆ ಬೇಕು. ಬೆಲೆಯ ಹೋರಾಟ ಅರ್ಧ ಗೆದ್ದ ಮೇಲೆ ಬೊಕ್ಕಸದ ಹೋರಾಟ ಉಳಿಯಿತು. 2002ರ ಜನವರಿಯಲ್ಲಿ ಏಡ್ಸ್, ಕ್ಷಯ, ಮಲೇರಿಯಾ ಈ ಮೂರರ ವಿರುದ್ಧ 'ಗ್ಲೋಬಲ್ ಫಂಡ್' ಎಂಬ ಜಾಗತಿಕ ನಿಧಿ ಹುಟ್ಟಿತು. ಅದಕ್ಕೆ ಹಣ ತುಂಬಬೇಕಾದವು ಶ್ರೀಮಂತ ದೇಶಗಳು. 2003ರ ಜನವರಿ 28ರಂದು ಅಮೆರಿಕಾದ ಅಧ್ಯಕ್ಷ ಜಾರ್ಜ್ ಬುಷ್ ತಮ್ಮ ವಾರ್ಷಿಕ ಭಾಷಣದಲ್ಲಿ, ಆಫ್ರಿಕಾದಲ್ಲಿ ಸುಮಾರು 3 ಕೋಟಿ ಜನರಿಗೆ ಸೋಂಕಿದ್ದು ಔಷಧಿ ಸಿಗುತ್ತಿರುವುದು 50 ಸಾವಿರ ಜನರಿಗೆ ಮಾತ್ರ ಎಂದು ಒಪ್ಪಿ, ಐದು ವರ್ಷಗಳಲ್ಲಿ 1,500 ಕೋಟಿ ಡಾಲರು ಕೊಡುವ 'ಪೆಪ್‌ಫಾರ್' ಎಂಬ ಯೋಜನೆಯನ್ನು ಸಾರಿದರು. ವರ್ಷಕ್ಕೆ 12 ಸಾವಿರ ಡಾಲರಿದ್ದ ಔಷಧಿ 300ಕ್ಕಿಂತ ಕೆಳಗಿಳಿದಿದೆ, ಆದ್ದರಿಂದ ಇದು ಸಾಧ್ಯ ಎಂದು ಅದೇ ಭಾಷಣದಲ್ಲಿ ಅವರು ಹೇಳಿದರು. ಬಂಧುಗಳೇ, ಆ ಬೆಲೆಯನ್ನು ಹಾಗೆ ಇಳಿಸಿದ್ದು ನಮ್ಮ ದೇಶದ ಕಾರ್ಖಾನೆಗಳ ಪೈಪೋಟಿ. ಇಲ್ಲಿ ಯಂತ್ರದ ಮುಂದೆ ನಿಂತು ಗುಳಿಗೆ ಒತ್ತಿದ ಕೂಲಿಕಾರನ ದುಡಿಮೆ ಅಲ್ಲಿಯ ಅಧ್ಯಕ್ಷರ ಭಾಷಣದಲ್ಲಿ ಹೆಸರಿಲ್ಲದೆ ಕೂತಿತ್ತು.

ಪ್ರಶ್ನೆ ಕೇಳುವ ಕಸುಬು

ಈ ಐದು ವರ್ಷದ ವಾಯಿದೆ 2008ಕ್ಕೆ ಮುಗಿಯುವುದಿತ್ತು. ಅದೇ ವರ್ಷ ಅಲ್ಲಿ ಅಧ್ಯಕ್ಷರ ಚುನಾವಣೆ. ಮುಂದೆ ಬರುವವರು ಎಷ್ಟು ಕೊಡುತ್ತಾರೆ? ಈ ಪ್ರಶ್ನೆಯನ್ನು ಹಿಡಿದು ಹೊರಟವರಲ್ಲಿ, 2001ರಲ್ಲಿ ಕಾಲೇಜುಗಳಲ್ಲಿ ಹುಟ್ಟಿದ 'ಸ್ಟೂಡೆಂಟ್ ಗ್ಲೋಬಲ್ ಏಡ್ಸ್ ಕ್ಯಾಂಪೇನ್' ಎಂಬ ವಿದ್ಯಾರ್ಥಿ ಚಳವಳಿಯವರಿದ್ದರು. 'ಹೆಲ್ತ್ ಗ್ಯಾಪ್' ಎಂಬ ಸಂಸ್ಥೆಯ ಅನುಭವಸ್ಥರು ಅವರ ಜೊತೆಗಿದ್ದರು.

ಅವರ ಕಸುಬಿಗೆ ಅಲ್ಲಿ 'ಬರ್ಡ್‌ಡಾಗಿಂಗ್' ಎಂದು ಹೆಸರು. ಹಕ್ಕಿ ಬೇಟೆಗೆ ಪಳಗಿಸಿದ ನಾಯಿ ಪೊದೆಯಲ್ಲಿ ಅವಿತ ಹಕ್ಕಿಯ ಜಾಡು ಹಿಡಿದು, ಅದರ ಕಡೆಗೇ ಮೂತಿ ಮಾಡಿ, ಅಲುಗದೆ ನಿಲ್ಲುತ್ತದೆ. ಹಕ್ಕಿ ಹಾರಲೇಬೇಕು, ಇಲ್ಲವೆ ಕಾಣಿಸಿಕೊಳ್ಳಲೇಬೇಕು. ಉಮೇದುವಾರನನ್ನು ಮಾತಿನ ಪೊದೆಯಿಂದ ಹೊರಡಿಸುವುದೂ ಹಾಗೆಯೇ.

ಅಲ್ಲಿಯ ಚುನಾವಣೆಯ ಕ್ರಮವನ್ನು ಸ್ವಲ್ಪ ತಿಳಿಯಬೇಕು. ಪಕ್ಷದ ಉಮೇದುವಾರ ಯಾರೆಂಬುದನ್ನು ತೀರ್ಮಾನಿಸುವ ಮತದಾನ ರಾಜ್ಯದಿಂದ ರಾಜ್ಯಕ್ಕೆ ಸರದಿಯಲ್ಲಿ ನಡೆಯುತ್ತದೆ. 2008ರಲ್ಲಿ ಮೊದಲ ಸರದಿ ಐಯೋವಾ ರಾಜ್ಯದ್ದು, ಜನವರಿ 3ರಂದು. ಅದರ ಬೆನ್ನಿಗೇ ನ್ಯೂ ಹ್ಯಾಂಪ್‌ಷೈರ್, ಜನವರಿ 8ರಂದು. ಎರಡೂ ಸಣ್ಣ ರಾಜ್ಯಗಳು. ಅಲ್ಲಿ ಸೋತವನ ದಾರಿ ಕಷ್ಟ. ಆದ್ದರಿಂದ ದೊಡ್ಡ ದೊಡ್ಡ ಧುರೀಣರೂ ತಿಂಗಳುಗಟ್ಟಲೆ ಮೊದಲೇ ಅಲ್ಲಿಗೆ ಹೋಗಿ, ಶಾಲೆಯ ಹಾಲಿನಲ್ಲಿ, ಹೋಟೆಲಿನಲ್ಲಿ, ಯಾರದೋ ಮನೆಯ ಅಂಗಳದಲ್ಲಿ ನಿಂತು ಕೈಕುಲುಕುತ್ತಾರೆ. ಮುಂದೆ ಅಧ್ಯಕ್ಷನಾಗಿ ಬಿಳಿಯ ಅರಮನೆ ಹೊಕ್ಕಮೇಲೆ ಕಾಣಸಿಗದ ಮನುಷ್ಯ, ಆ ಕೆಲವು ತಿಂಗಳು ಕೈಗೆಟಕುವಷ್ಟು ಹತ್ತಿರದಲ್ಲಿರುತ್ತಾನೆ.

ವಿದ್ಯಾರ್ಥಿಗಳು ಆ ಸಭೆಗಳಿಗೆ ಹೋದರು. ಇಂಥವರು ಬೇಗ ಹೋಗಿ, ಒಂದೇ ಕಡೆ ಗುಂಪಾಗಿ ಕೂರದೆ ಹಾಲಿನ ನಾಲ್ಕು ಮೂಲೆಗೆ ಹಂಚಿಕೊಂಡು ಕೂರುತ್ತಾರೆ. ಪ್ರಶ್ನೆಗೆ ಅವಕಾಶ ಎಂದೊಡನೆ ಎಲ್ಲರೂ ಕೈ ಎತ್ತುತ್ತಾರೆ, ಒಬ್ಬರಿಗಾದರೂ ಸಿಕ್ಕೀತು. ಪ್ರಶ್ನೆ ಚಿಕ್ಕದು, ಅದರಲ್ಲಿ ಅಂಕಿ ಇರಬೇಕು, ವರ್ಷವಿರಬೇಕು. ಬಡವರ ಬಗ್ಗೆ ತಮಗೆ ಕರುಣೆ ಇದೆಯೇ ಎಂದು ಕೇಳಿದರೆ ಯಾವ ಪುಢಾರಿ ಇಲ್ಲವೆಂದಾನು? 2013ರ ಒಳಗೆ 5,000 ಕೋಟಿ ಡಾಲರು ಕೊಡುವಿರಾ ಎಂದು ಕೇಳಿದರೆ ಹೌದು ಅಥವಾ ಇಲ್ಲ ಎನ್ನಲೇಬೇಕು. ಜಾರಿಕೊಂಡರೆ, ಸಭೆ ಮುಗಿದು ಕೈಕುಲುಕುವ ಸಾಲಿನಲ್ಲಿ ಇನ್ನೊಬ್ಬರು ನಿಂತಿರುತ್ತಾರೆ. ಕುಲುಕಿದ ಕೈಯನ್ನು ಬಿಡದೆ ಅದೇ ಪ್ರಶ್ನೆ. ಮತ್ತೊಬ್ಬರು ಪಕ್ಕದಲ್ಲಿ ನಿಂತು ಉತ್ತರವನ್ನು ಅಕ್ಷರಕ್ಷರ ಬರೆದುಕೊಳ್ಳುತ್ತಾರೆ, ಧ್ವನಿ ಮುದ್ರಿಸಿಕೊಳ್ಳುತ್ತಾರೆ. ಮರುದಿನ ಇನ್ನೊಂದು ಊರಿನಲ್ಲಿ, ನಿನ್ನೆ ಹೀಗೆಂದಿರಲ್ಲ, ಅದರ ಅಂಕಿ ಎಷ್ಟು ಎಂದು ಮೂರನೆಯವರು ಕೇಳುತ್ತಾರೆ. ಎದುರಾಳಿ ಒಪ್ಪಿದ್ದರೆ ಅದನ್ನೂ ಹೇಳುತ್ತಾರೆ: ಅವರು ಕೊಡುತ್ತೇವೆಂದಿದ್ದಾರೆ, ತಾವೇನು ಹೇಳುತ್ತೀರಿ?

ಇದರಲ್ಲಿ ಮಾಟವಿಲ್ಲ, ಮಂತ್ರವಿಲ್ಲ. ಉದ್ರಿ ವಸೂಲಿಗೆ ಹೋಗುವ ವರ್ತಕನ ತಾಳ್ಮೆ, ಗೇಟ್ ಮೀಟಿಂಗಿನಲ್ಲಿ ಎಲ್ಲರೂ ಒಂದೇ ಮಾತಾಡುವ ಕಾರ್ಮಿಕರ ಶಿಸ್ತು, ಇವೆರಡನ್ನು ಕೂಡಿಸಿದರೆ ಈ ಕಸುಬು.

ಫಲವೇನಾಯಿತು? ಡೆಮೊಕ್ರಾಟ್ ಪಕ್ಷದ ಮುಂಚೂಣಿಯಲ್ಲಿದ್ದ ಒಬಾಮಾ, ಹಿಲರಿ ಕ್ಲಿಂಟನ್, ಎಡ್ವರ್ಡ್ಸ್ ಈ ಮೂವರೂ 5,000 ಕೋಟಿ ಡಾಲರಿನ ಮಾತು ಕೊಟ್ಟರು. ಅತ್ತ ಅಧ್ಯಕ್ಷ ಬುಷ್ 2007ರ ಮೇ ತಿಂಗಳಲ್ಲಿ 3,000 ಕೋಟಿ ಸಾಕೆಂದಿದ್ದರು. ಕೊನೆಗೆ 2008ರ ಜುಲೈ 30ರಂದು ಅದೇ ಬುಷ್ ರುಜು ಹಾಕಿದ ಕಾನೂನಿನಲ್ಲಿ, ಕ್ಷಯ ಹಾಗೂ ಮಲೇರಿಯಾ ಸೇರಿ, 4,800 ಕೋಟಿ ಡಾಲರಿತ್ತು. ಎಲ್ಲವೂ ವಿದ್ಯಾರ್ಥಿಗಳಿಂದಲೇ ಆಯಿತೆಂದು ನಾವು ಹೇಳುವುದಿಲ್ಲ. ವೈದ್ಯರು, ಧರ್ಮಗುರುಗಳು, ಆಫ್ರಿಕಾದ ರೋಗಿಗಳ ಸಂಘಗಳು, ಎರಡೂ ಪಕ್ಷದ ಸದಸ್ಯರು ದುಡಿದಿದ್ದರು. ಆದರೆ 5,000 ಎಂಬ ಅಂಕಿಯನ್ನು ಊರೂರಿನಲ್ಲಿ ಉಮೇದುವಾರರ ಮುಖದೆದುರು ಹಿಡಿದವರಲ್ಲಿ ಈ ಹುಡುಗರು ಮುಂದಿದ್ದರು.

ವಾಯಿದೆಯೂ ವಸೂಲಿಯೂ

ಇಲ್ಲಿಗೆ ಕಥೆ ಮುಗಿದಿದ್ದರೆ ನಾವು ತಮ್ಮನ್ನು ಕರೆಸಿ ಹೇಳುತ್ತಿರಲಿಲ್ಲ. ಅಲ್ಲಿಯ ಪಾರ್ಲಿಮೆಂಟಿಗೆ ಕಾಂಗ್ರೆಸ್ ಎಂದು ಹೆಸರು. ಆ ಕಾಂಗ್ರೆಸ್ಸು ಕಾನೂನು ಮಾಡಿ ಇಷ್ಟು ಖರ್ಚು ಮಾಡಬಹುದು ಎಂದು ಒಪ್ಪುವುದು ಒಂದು. ವರ್ಷವರ್ಷದ ಬಜೆಟ್ಟಿನಲ್ಲಿ ನಿಜವಾಗಿ ಹಣ ತೆಗೆದಿಡುವುದು ಇನ್ನೊಂದು. ಮೊದಲನೆಯದು ಹುಂಡಿ ಬರೆದಂತೆ, ಎರಡನೆಯದು ರೋಕಡ ಎಣಿಸಿದಂತೆ. 4,800 ಕೋಟಿಯ ಹುಂಡಿ ಸಿಕ್ಕಿತು. ರೋಕಡ ಆ ವೇಗದಲ್ಲಿ ಬರಲಿಲ್ಲ. ಆಗ ಅಲ್ಲಿ ದೊಡ್ಡ ಆರ್ಥಿಕ ಕುಸಿತ. ಒಬಾಮಾ ಅಧ್ಯಕ್ಷರಾದ ಮೇಲೆ ಹಣ ಹೆಚ್ಚಬೇಕಾದಷ್ಟು ಹೆಚ್ಚಲಿಲ್ಲ.

ವಿದ್ಯಾರ್ಥಿಗಳು ಏನು ಮಾಡಬೇಕಿತ್ತು? ನಮ್ಮವರೇ ಗೆದ್ದಿದ್ದಾರೆ ಎಂದು ಸುಮ್ಮನಿರಬೇಕಿತ್ತೇ? ಅವರು ಮತ್ತೆ ಎದ್ದರು. 2010ರ ಅಕ್ಟೋಬರ್ 30ರಂದು, ಮಧ್ಯಾವಧಿ ಚುನಾವಣೆಗೆ ಮೂರೇ ದಿನ ಇರುವಾಗ, ಕನೆಕ್ಟಿಕಟ್ ರಾಜ್ಯದ ಬ್ರಿಜ್‌ಪೋರ್ಟ್ ನಗರದಲ್ಲಿ ಒಬಾಮಾ ಮಾತಾಡುತ್ತಿದ್ದಾಗ, ವಿದ್ಯಾರ್ಥಿಗಳಿದ್ದ ಗುಂಪೊಂದು ಏಡ್ಸ್‌ಗೆ ಹಣ ಕೊಡಿ ಎಂದು ಕೂಗಿತು. ಅಧ್ಯಕ್ಷರು ಭಾಷಣ ನಿಲ್ಲಿಸಿ ಉತ್ತರ ಕೊಟ್ಟರು. ನಾವು ಹಣ ಕೊಡುತ್ತಲೇ ಇದ್ದೇವೆ, ಎದುರು ಪಕ್ಷದವರಿಗೆ ಇದರಲ್ಲಿ ಆಸಕ್ತಿಯಿಲ್ಲ, ಹೋಗಿ ಅವರ ಸಭೆಯಲ್ಲಿ ಕೂಗಿದರೆ ಒಳ್ಳೆಯದಲ್ಲವೇ ಎಂಬುದು ಅವರ ಮಾತಿನ ಸಾರ.

ಈ ಮಾತನ್ನು ನಾವು ಹಗುರವಾಗಿ ತೆಗೆದುಹಾಕುವುದಿಲ್ಲ. ಆ ಚುನಾವಣೆಯಲ್ಲಿ ಅಧ್ಯಕ್ಷರ ಪಕ್ಷ ಕೆಳಮನೆಯನ್ನು ಕಳೆದುಕೊಂಡಿತು. ಮಿತ್ರನನ್ನು ಸಭೆಯಲ್ಲಿ ಕೂಗಿ ನಿಲ್ಲಿಸಿದರೆ ಶತ್ರುವಿಗೆ ಲಾಭವಲ್ಲವೇ ಎಂಬ ಪ್ರಶ್ನೆ ನಮ್ಮ ಸಂಘದ ಕಚೇರಿಯಲ್ಲೂ ಎಷ್ಟೋ ಸಲ ಎದ್ದಿದೆ. ನಮ್ಮ ಉತ್ತರ ಇಷ್ಟು: ಹಾದಿಯಲ್ಲಿ ಹೋಗುವವನನ್ನು ಯಾರೂ ಸಾಲ ಕೇಳುವುದಿಲ್ಲ, ಮಾತು ಕೊಟ್ಟವನನ್ನೇ ಕೇಳುತ್ತಾರೆ. ಕೊಡುತ್ತೇನೆಂದು ಹೇಳಿದವರು ಒಬಾಮಾ. ಆದ್ದರಿಂದ ಬಾಗಿಲು ತಟ್ಟಬೇಕಾದದ್ದೂ ಅವರದೇ. ಇಬ್ಬರ ಸಭೆಗೂ ಹೋಗಬೇಕೆಂಬುದು ಸರಿ. ಇವರ ಸಭೆಯನ್ನು ಬಿಡಬೇಕೆಂಬುದು ಸರಿಯಲ್ಲ. ಮುಂದಿನ ವರ್ಷ, 2011ರ ಡಿಸೆಂಬರ್ 1ರಂದು, ಅದೇ ಒಬಾಮಾ 2013ರ ಅಂತ್ಯಕ್ಕೆ 60 ಲಕ್ಷ ಜನರಿಗೆ ಚಿಕಿತ್ಸೆ ಎಂಬ ಗುರಿಯನ್ನು ಸಾರಿದರು. ಅದಕ್ಕೆ ಮುಂಚೆ ಇದ್ದ ಗುರಿ 40 ಲಕ್ಷ. ಆ ಗುರಿ ಈಡೇರಿತು.

ದಾನವೋ ಹಕ್ಕೋ

ಈಗ ನಮ್ಮಲ್ಲಿಯೇ ಕೆಲವರು ಕೇಳುವ ಮಾತಿಗೆ ಬರೋಣ. ಶ್ರೀಮಂತ ದೇಶದ ಬೊಕ್ಕಸದಿಂದ ಬಡ ದೇಶಕ್ಕೆ ಬರುವ ಹಣ ಭಿಕ್ಷೆಯಲ್ಲವೇ? ಭಿಕ್ಷೆ ಕೊಡುವವನು ಹಂಗು ಹೇರುವುದಿಲ್ಲವೇ? ಹೇರುತ್ತಾನೆ, ಹೇರಿದ. 2003ರ ಕಾನೂನಿನಲ್ಲಿ ರೋಗ ತಡೆಯುವ ಹಣದ ಮೂರನೆಯ ಒಂದು ಪಾಲು, ಮದುವೆಗೆ ಮೊದಲು ಸಂಯಮ ಎಂಬ ಉಪದೇಶಕ್ಕೆ ಹೋಗಬೇಕೆಂದು ಷರತ್ತಿತ್ತು. ಮೊದಲ ಒಂದೆರಡು ವರ್ಷ, ಅಗ್ಗದ ಭಾರತೀಯ ಗುಳಿಗೆ ಬಿಟ್ಟು ದುಬಾರಿ ಕಂಪನಿ ಗುಳಿಗೆಗೇ ಹಣ ಸುರಿಯಲಾಯಿತು. ಒಂದೇ ಹಣದಲ್ಲಿ ಹಲವರನ್ನು ಉಳಿಸಬಹುದಾದಲ್ಲಿ ಒಬ್ಬನನ್ನು ಉಳಿಸಿದಂತೆ. ಅದನ್ನೂ ಆಂದೋಲನಕಾರರು ಪ್ರಶ್ನಿಸಿದರು. ಅಮೆರಿಕಾದ ಔಷಧಿ ಇಲಾಖೆ 2005ರಿಂದ ನಮ್ಮ ಗುಳಿಗೆಗಳನ್ನು ಪರೀಕ್ಷಿಸಿ ಒಪ್ಪತೊಡಗಿತು. 2003ರಿಂದ 2008ರ ವರೆಗೆ ಬಡ ದೇಶಗಳಿಗಾಗಿ ದಾನಿಗಳ ಹಣದಲ್ಲಿ ಕೊಂಡ ಏಡ್ಸ್ ಔಷಧಿಯಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಭಾರತದ್ದು. 2017ರ ವೇಳೆಗೆ ಇನ್ನೂ ಉತ್ತಮವಾದ ಒಂದೇ ಗುಳಿಗೆಯ ಚಿಕಿತ್ಸೆಗೆ ವರ್ಷಕ್ಕೆ ಸುಮಾರು 75 ಡಾಲರು ಎಂಬ ಒಪ್ಪಂದವಾಯಿತು.

ಕೇಳಿ ಪಡೆದದ್ದೆಲ್ಲ ಭಿಕ್ಷೆಯಲ್ಲ, ಬಂಧುಗಳೇ. ಬೋನಸ್ಸು ಕೇಳಿ ಪಡೆದದ್ದು, ತುಟ್ಟಿಭತ್ಯೆ ಕೇಳಿ ಪಡೆದದ್ದು. ಅದನ್ನು ಯಾವ ಕಾರ್ಮಿಕನೂ ಭಿಕ್ಷೆ ಎನ್ನುವುದಿಲ್ಲ. ಆಫ್ರಿಕಾದವರೂ ಕೈ ಚಾಚಿ ಕುಳಿತಿರಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ 1998ರ ಡಿಸೆಂಬರ್ 10ರಂದು ಹುಟ್ಟಿದ 'ಟ್ರೀಟ್‌ಮೆಂಟ್ ಆಕ್ಷನ್ ಕ್ಯಾಂಪೇನ್' ತನ್ನದೇ ಸರಕಾರದ ಮೇಲೆ ಕೋರ್ಟಿಗೆ ಹೋಗಿ 2002ರಲ್ಲಿ ಗೆದ್ದಿತು. ಅದರ ಮುಖಂಡ ಜ್ಯಾಕಿ ಅಕ್ಮತ್ ತಾವೇ ರೋಗಿ. ಬಡವರಿಗೆ ಸರಕಾರಿ ಆಸ್ಪತ್ರೆಯಲ್ಲಿ ಸಿಗುವವರೆಗೆ ತಾನು ಔಷಧಿ ಮುಟ್ಟುವುದಿಲ್ಲವೆಂದು ಹಟ ಹಿಡಿದು, ದೇಹ ಕ್ಷೀಣಿಸಿದರೂ ಬಿಡದೆ, 2003ರ ವರೆಗೆ ಕಾದರು. ಗಾಂಧೀಜಿ ಸತ್ಯಾಗ್ರಹವನ್ನು ಮೊದಲು ಪ್ರಯೋಗಿಸಿದ ನೆಲದಲ್ಲಿ ನಡೆದದ್ದಿದು. ಅಮೆರಿಕಾದ ವಿದ್ಯಾರ್ಥಿಗಳು ಒಡ್ಡಿದ ಪ್ರಶ್ನೆಯ ಹಿಂದೆ ಇಂಥವರ ಬಲವಿತ್ತು.

ನಮ್ಮ ಕರ್ನಾಟಕವೂ ಇದಕ್ಕೆ ಹೊರತಲ್ಲ. 2004ರ ಏಪ್ರಿಲ್ 1ರಂದು ನಮ್ಮ ದೇಶದ ಸರಕಾರಿ ಆಸ್ಪತ್ರೆಗಳಲ್ಲಿ ಏಡ್ಸ್ ಔಷಧಿಯನ್ನು ಪುಕ್ಕಟೆ ಕೊಡತೊಡಗಿದಾಗ, ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಗ್ಲೋಬಲ್ ಫಂಡಿನ ಹಣ ಭಾರತಕ್ಕೂ ಬಂದಿದೆ. ಹಾಗಾದರೆ ಎಲ್ಲೋ ನ್ಯೂ ಹ್ಯಾಂಪ್‌ಷೈರಿನ ಶಾಲೆಯೊಂದರಲ್ಲಿ ಎತ್ತಿದ ಕೈ ನಮ್ಮ ಜಿಲ್ಲೆಯ ರೋಗಿಗೆ ಸಂಬಂಧವಿಲ್ಲದ್ದೆಂದು ಹೇಗೆ ಹೇಳೋಣ?

2025 ಕಲಿಸಿದ ಪಾಠ

ಇಷ್ಟೆಲ್ಲ ಗೆದ್ದ ಮೇಲೆ ಬಿದ್ದ ಪೆಟ್ಟನ್ನೂ ಹೇಳಬೇಕು. 2025ರ ಜನವರಿ 20ರಂದು ಎರಡನೆಯ ಬಾರಿಗೆ ಅಧ್ಯಕ್ಷರಾದ ಟ್ರಂಪ್, ಅದೇ ದಿನ ಒಂದು ರುಜುವಿನಿಂದ ಹೊರದೇಶದ ನೆರವನ್ನು ತಡೆಹಿಡಿದರು. ಆಗ ಪೆಪ್‌ಫಾರ್ ಹಣದಿಂದ ಔಷಧಿ ಪಡೆಯುತ್ತಿದ್ದವರು ಸುಮಾರು 2 ಕೋಟಿ ಜನ. ಜೀವ ಉಳಿಸುವ ಚಿಕಿತ್ಸೆಗೆ ವಿನಾಯಿತಿ ಎಂದು ಕೆಲವು ದಿನಗಳಲ್ಲಿ ಸಾರಿದರೂ, ಹಣ ಪಾವತಿಯಾಗದೆ ಎಷ್ಟೋ ಚಿಕಿತ್ಸಾಲಯಗಳ ಬಾಗಿಲು ಮುಚ್ಚಿತು, ದಾದಿಯರೂ ಆರೋಗ್ಯ ಕಾರ್ಯಕರ್ತರೂ ಕೆಲಸ ಕಳೆದುಕೊಂಡರು. ನೆರವು ಹಂಚುತ್ತಿದ್ದ ಯುಎಸ್‌ಎಯ್ಡ್ ಎಂಬ ಇಲಾಖೆ ಜುಲೈ 1ರಂದು ಮುಚ್ಚಿಯೇ ಹೋಯಿತು. ಅದೇ ವರ್ಷ ನವೆಂಬರಿನಲ್ಲಿ ಗ್ಲೋಬಲ್ ಫಂಡ್ 1,800 ಕೋಟಿ ಡಾಲರು ಕೇಳಿದರೆ, ದಾನಿಗಳೆಲ್ಲ ಕೂಡಿ ಒಪ್ಪಿದ್ದು 1,134 ಕೋಟಿ.

ಓಟಿಲ್ಲದವನ ಗತಿ ಇದು. ಅಮೆರಿಕಾದ ಬಜೆಟ್ಟಿನಲ್ಲಿ ಗೆರೆ ಎಳೆದರೆ ಪ್ರಾಣ ಹೋಗುವುದು ಜಾಂಬಿಯಾದಲ್ಲಿ, ಮೊಜಾಂಬಿಕ್‌ನಲ್ಲಿ. ಆದರೆ ಅಲ್ಲಿಯ ರೋಗಿಗೆ ಗೆರೆ ಎಳೆದವನ ಚುನಾವಣೆಯಲ್ಲಿ ಓಟಿಲ್ಲ. ಅವನ ಪರವಾಗಿ ಓಟಿದ್ದವನು ಬಾಯಿ ತೆರೆಯಬೇಕು; ತೆರೆಯದಿದ್ದರೆ ಯಾರೂ ಇಲ್ಲ. ಬಾಯಿ ತೆರೆದಾಗ ಆದದ್ದನ್ನೂ ನೋಡಿ. 2025ರ ಜೂನ್‌ನಲ್ಲಿ ಸರಕಾರ, ಮೊದಲೇ ಮಂಜೂರಾಗಿದ್ದ ಹಣವನ್ನು ವಾಪಸು ಪಡೆಯುವ ಮಸೂದೆ ತಂದಿತು. ಅದರಲ್ಲಿ ಪೆಪ್‌ಫಾರ್‌ನ 40 ಕೋಟಿ ಡಾಲರು ಕತ್ತರಿಸುವ ಅಂಶವಿತ್ತು. ಮಸೂದೆ ಪಾಸಾಯಿತು; ಆದರೆ ಆ 40 ಕೋಟಿಯನ್ನು ಮೇಲ್ಮನೆ ಕೈಬಿಡಿಸಿತು. ಪೂರ್ತಿ ಸೋಲಿನ ನಡುವೆ ಉಳಿದ ಒಂದು ತುಂಡು. ಆದರೆ ಗುಳಿಗೆ ನುಂಗುವವನಿಗೆ ಅದು ತುಂಡಲ್ಲ, ಪ್ರಾಣ.

ಒಟ್ಟು ಲೆಕ್ಕವನ್ನೂ ಮರೆಯಬಾರದು. ವಿಶ್ವಸಂಸ್ಥೆಯ ಏಡ್ಸ್ ವಿಭಾಗದ ಅಂದಾಜಿನಂತೆ 2024ರ ಅಂತ್ಯಕ್ಕೆ ಲೋಕದಲ್ಲಿ ಸೋಂಕಿದ್ದವರು 4 ಕೋಟಿ 8 ಲಕ್ಷ. ಅವರಲ್ಲಿ ಔಷಧಿ ಪಡೆಯುತ್ತಿದ್ದವರು 3 ಕೋಟಿ 16 ಲಕ್ಷ. ಇಡೀ ಆಫ್ರಿಕಾಕ್ಕೆ 50 ಸಾವಿರ ಎಂದಿದ್ದ ಕಾಲದಿಂದ ಇಲ್ಲಿಗೆ. ಆದರೂ ಆ ಒಂದು ವರ್ಷದಲ್ಲೇ ಸತ್ತವರು 6 ಲಕ್ಷ 30 ಸಾವಿರ. ಗೆದ್ದದ್ದೂ ದೊಡ್ಡದು, ಉಳಿದದ್ದೂ ದೊಡ್ಡದು.

ನಮ್ಮ ಊರಿನಲ್ಲಿ

ಇದರಿಂದ ನಾವು ಕಲಿಯುವುದೇನು? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ನಮ್ಮಲ್ಲಿದೆ. ಗೆದ್ದವನಿಗೆ ಓಟುದಾರ ಅಂಬಿಗನಿದ್ದಂತೆ. ಆದ್ದರಿಂದ ಕೇಳಬೇಕಾದದ್ದನ್ನು ದೋಣಿ ನಡುನೀರಿನಲ್ಲಿರುವಾಗಲೇ ಕೇಳಬೇಕು. ಅಂಕಿ ಹೇಳಿ ಕೇಳಬೇಕು, ವರ್ಷ ಹೇಳಿ ಕೇಳಬೇಕು. ಉತ್ತರವನ್ನು ಬರೆದಿಡಬೇಕು. ಗೆದ್ದ ಮೇಲೆ ಆ ಕಾಗದ ಹಿಡಿದು ಅದೇ ಮನೆಯ ಬಾಗಿಲಿಗೆ ಹೋಗಬೇಕು, ನಮ್ಮವನಾದರೂ ಸರಿ, ಪರರವನಾದರೂ ಸರಿ.

ನಮ್ಮ ದೇಶದಲ್ಲಿ ಕೇಳಲು ಅಂಕಿಯೇ ಇಲ್ಲವೆನ್ನಬೇಡಿ. 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ಸರಕಾರವೇ ಬರೆದ ಮಾತಿದೆ: 2025ರ ವೇಳೆಗೆ ಆರೋಗ್ಯಕ್ಕೆ ಸರಕಾರಗಳು ಮಾಡುವ ಖರ್ಚನ್ನು ರಾಷ್ಟ್ರೀಯ ಉತ್ಪನ್ನದ ನೂರಕ್ಕೆ 2.5ಕ್ಕೆ ಏರಿಸುತ್ತೇವೆ ಎಂದು. 2021-22ರ ಸರಕಾರಿ ಲೆಕ್ಕದಲ್ಲಿ ಅದು ನೂರಕ್ಕೆ 1.84 ಇತ್ತು. ವಾಯಿದೆಯ ವರ್ಷ ಕಳೆದುಹೋಗಿದೆ. ಹುಂಡಿ ನಮ್ಮ ಕೈಯಲ್ಲಿದೆ. ಅದನ್ನು ಹಿಡಿದು ಹೋದವರೆಷ್ಟು ಜನ? ಓಟು ಕೇಳಲು ಬಂದವರು ನಮಸ್ಕಾರ ಮಾಡಿ ಮುಂದಿನ ಬೀದಿಗೆ ಹೋಗುತ್ತಾರೆ. ನಾವೂ ನಮಸ್ಕಾರ ಮಾಡಿ ಒಳಗೆ ಹೋಗುತ್ತೇವೆ.

ಹಾಗೆ ಕೇಳುವಾಗ ನಮಗಾಗಿ ಮಾತ್ರ ಕೇಳಬಾರದು ಎಂಬುದನ್ನೂ ಆ ಮಕ್ಕಳಿಂದ ಕಲಿಯೋಣ. ಕಾಯಂ ಕಾರ್ಮಿಕನಿಗೆ ಇ.ಎಸ್.ಐ. ದವಾಖಾನೆಯಿದೆ. ಎಷ್ಟೋ ಕಡೆ ಅವನ ಪಕ್ಕದಲ್ಲೇ ದುಡಿಯುವ ಗುತ್ತಿಗೆಯವನಿಗೆ ಆ ಚೀಟಿ ಸಿಕ್ಕಿಲ್ಲ. ಬೇರೆ ರಾಜ್ಯದಿಂದ ಬಂದು ನಮ್ಮ ಊರಿನಲ್ಲಿ ಮೂಟೆ ಹೊರುವವನ ಹೆಸರು ನಮ್ಮ ಮತದಾರರ ಪಟ್ಟಿಯಲ್ಲಿಲ್ಲ. ಅವನ ಬಾಗಿಲಿಗೆ ಉಮೇದುವಾರ ಬರುವುದೂ ಇಲ್ಲ. ನಮ್ಮ ಬಾಗಿಲಿಗೆ ಬಂದವನ ಮುಂದೆ ಅವನ ಕೆಮ್ಮಿನ ಮಾತನ್ನೂ ಎತ್ತುವವರು ನಾವೇ ಆಗಬೇಕು.

ಮುಂದಿನ ಚುನಾವಣೆ ಎಂದೇ ಬರಲಿ, ಸಂಘದ ಕಚೇರಿಯಲ್ಲಿ ಒಂದು ನೋಟ್‌ಬುಕ್ಕು ಇಡೋಣ. ಯಾವ ಉಮೇದುವಾರ, ಯಾವ ದಿನ, ಯಾವ ಬೀದಿಯಲ್ಲಿ, ಆಸ್ಪತ್ರೆಯ ವಿಷಯದಲ್ಲಿ ಏನು ಹೇಳಿದ ಎಂಬುದನ್ನು ಅದರಲ್ಲಿ ಬರೆಯೋಣ. ವರ್ತಕ ಮಿತ್ರರಿಗೆ ಲೆಕ್ಕ ಬರೆಯುವ ಕೈಯಿದೆ, ಕಾರ್ಮಿಕ ಬಂಧುಗಳಿಗೆ ಒಟ್ಟಾಗಿ ನಿಲ್ಲುವ ಕಾಲಿದೆ. ಮೊದಲ ಪುಟದಲ್ಲಿ ಬರೆಯಬೇಕಾದ ಪ್ರಶ್ನೆಯನ್ನು ಇವತ್ತೇ, ಈ ಸಭೆ ಚದರುವ ಮುಂಚೆ ಕೂತು ತೀರ್ಮಾನಿಸೋಣ.